ಎಕ್ಸ್‌ಚೇಂಜ್ ಸರಿ, ಆದ್ರೆ ವಸ್ತು ಯಾರದ್ದು?

ಹಬ್ಬ ಹತ್ತಿರ ಬಂತೆಂದರೆ ಸಾಕು, ಪೇಪರಿನ ತುಂಬಾ ಎಕ್ಸ್‌ಚೇಂಜ್ ಆಫರ್‌ಗಳು. ಹಳೇ ಮಿಕ್ಸಿ ತನ್ನಿ, ಹೊಸದು ಒಯ್ಯಿರಿ. ಹಳೇ ಕುಕ್ಕರ್ ಕೊಡಿ, ಇಂತಿಷ್ಟು ಕಡಿತ ಪಡೆಯಿರಿ. ಇದೇನು ನಮಗೆ ಹೊಸದಲ್ಲ ಬಿಡಿ. ನಮ್ಮಮ್ಮಂದಿರ ಕಾಲದಲ್ಲಿ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬುಟ್ಟಿ ಹೊತ್ತು ಮನೆ ಬಾಗಿಲಿಗೇ ಬರುತ್ತಿದ್ದಳು. ಎರಡು ಪ್ಯಾಂಟು, ಒಂದು ಜರಿ ಸೀರೆಗೆ ಒಂದು ಡಬರಿ. 'ಇನ್ನೊಂದು ಶರ್ಟ್ ಹಾಕಮ್ಮಾ' ಅಂತ ಅವಳು, 'ಮುಚ್ಚಳಾನೂ ಸೇರಿಸು' ಅಂತ ಇವರು... ಅರ್ಧ ಗಂಟೆ ಚೌಕಾಸಿ ನಡೆಯುತ್ತಿತ್ತು. ಸಂಜೆ ಅಪ್ಪ ಬಂದು 'ನನ್ನ ಆ ಕಂದು ಪ್ಯಾಂಟ್ ಎಲ್ಲಿ?' ಅಂತ ಕೇಳಿದಾಗ ಅಮ್ಮ ಡಬರಿಯಲ್ಲಿ ಕಾಫಿ ಕಾಯಿಸುತ್ತಾ ಮಾತು ಮರೆಸುತ್ತಿದ್ದದ್ದು ನಿಮ್ಮ ಮನೆಯಲ್ಲೂ ನಡೆದಿರುತ್ತೆ.

ಆದರೆ ನಾನು ಇವತ್ತು ಹೇಳಹೊರಟಿರೋದು ಮಿಕ್ಸಿ, ಕುಕ್ಕರ್ ವಿಷಯ ಅಲ್ಲ. ಕೇಳಿದರೆ ನಿಮಗೂ ನಗು ಬಂದೀತು, ನನಗೂ ಬಂದಿತ್ತು.

ಒಂದು ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ನ್ಯೂಜೆರ್ಸಿಯಲ್ಲಿರುವ ತಂಗಿಯ ಫೋನ್. ಅವಳಿಗೆ ಅಲ್ಲಿನ್ನೂ ಶನಿವಾರ ರಾತ್ರಿ. 'ಅಕ್ಕಾ, ಇವರ ಫ್ರೆಂಡ್ ಒಬ್ರು ನಮ್ಮ ಗೇಮ್ ಮಷೀನ್ ಅವರಿಗೆ ಕೊಟ್ಟು, ಅವರದ್ದು ನಾವು ತಗೊಳ್ಳಿ ಅಂತಿದ್ದಾರೆ. ಮೇಲೆ 300 ಡಾಲರ್ ಬೇರೆ ಕೊಡ್ತಾರಂತೆ. ಏನ್ಮಾಡ್ಲಿ?'

'ಇದಕ್ಕೂ ನನ್ನ ಕೇಳ್ಬೇಕೇನೇ? ದುಡ್ಡು ಬರುತ್ತೆ ಅಂದ್ರೆ ಕೊಟ್ಟು ಕೈ ತೊಳ್ಕೋ' ಅಂದೆ. ಆ ಕಡೆಯಿಂದ ಸದ್ದೇ ಇಲ್ಲ. ಒಲೆ ಆರಿಸಿ ಕುರ್ಚಿ ಎಳೆದುಕೊಂಡೆ. ಅಕ್ಕತಂಗಿಯರಿಗೆ ಮೌನದ ಭಾಷೆ ಬೇಗ ತಿಳಿಯುತ್ತೆ ನೋಡಿ.

ಆ ಮಷೀನ್ ಅಂದ್ರೆ ಟಿವಿಗೆ ಸಿಗಿಸಿ ಆಡುವ ಪುಟ್ಟ ಡಬ್ಬಿ ಅಲ್ಲ. ಬಟ್ಟೆ ಬೀರುವಿನಷ್ಟು ಎತ್ತರದ, ನೂರು ಕಿಲೋಗೂ ಹೆಚ್ಚು ತೂಗುವ ಮರದ ಪೆಟ್ಟಿಗೆ. ಸೊಂಟದೆತ್ತರದಲ್ಲಿ ಹಿಡಿ, ಅದರ ಮೇಲೊಂದು ಪರದೆ, ಕೆಳಗೆ ನಾಣ್ಯ ಹಾಕೋ ಸೀಳು. ಅಮೆರಿಕದಲ್ಲಿ ಇದನ್ನು ಆರ್ಕೇಡ್ ಮಷೀನ್ ಅಂತಾರೆ. ಎಂಬತ್ತರ ದಶಕದಲ್ಲಿ ಅಲ್ಲಿನ ಪಿಜ್ಜಾ ಅಂಗಡಿ, ಬಟ್ಟೆ ಒಗೆಯುವ ಅಂಗಡಿಗಳಲ್ಲೆಲ್ಲ ಇದೇ ಇರುತ್ತಿತ್ತಂತೆ. ನಮ್ಮಲ್ಲೂ ತೊಂಬತ್ತರ ದಶಕದಲ್ಲಿ ಬಡಾವಣೆ ಮೂಲೆಯ ವಿಡಿಯೋ ಗೇಮ್ ಪಾರ್ಲರ್‌ನಲ್ಲಿ ಹುಡುಗರು ಮುತ್ತಿಕೊಂಡು ಆಡುತ್ತಿದ್ದರಲ್ಲ? ಹೆಣ್ಮಕ್ಕಳನ್ನು ಆ ಕತ್ತಲೆ ಅಂಗಡಿಯ ಹೊಸ್ತಿಲಿಗೂ ಬಿಡುತ್ತಿರಲಿಲ್ಲ. ಅಣ್ಣ ಒಳಗೆ, ನಾವು ಸೈಕಲ್ ಕಾಯಲು ಹೊರಗೆ!

ಜಪಾನಿನಲ್ಲೂ ಕಥೆ ಇದೇ ಆಗಿತ್ತಂತೆ. ಆಟದ ಅಂಗಡಿ ಅಂದ್ರೆ ಗಂಡಸರ ಜಾಗ. ಅಲ್ಲಿಗೆ ಹೆಂಗಸರೂ ಬರಲಿ ಅಂತಲೇ ನಾಮ್ಕೋ ಕಂಪನಿಯ ತೋರು ಇವಾತಾನಿ 1980ರಲ್ಲಿ ಪ್ಯಾಕ್‌ಮ್ಯಾನ್ ಮಾಡಿದರು. ಗುಂಡು ಹೊಡೆಯೋದು ಬೇಡ, ತಿನ್ನೋ ಆಟ ಮಾಡೋಣ, ಹೆಂಗಸರಿಗೆ ತಿನ್ನೋದು ಅಂದ್ರೆ ಇಷ್ಟ ಅನ್ನೋದು ಅವರ ಲೆಕ್ಕ. (ಬೇಯಿಸಿ ಬಡಿಸೋರೂ ನಾವೇ ಅನ್ನೋದು ಅವರ ಲೆಕ್ಕದಲ್ಲಿ ಇತ್ತೋ ಇಲ್ಲವೋ!) ಬಾಯಿ ತೆರೆದ ಹಳದಿ ಉಂಡೆ, ಚುಕ್ಕಿಗಳನ್ನು ನುಂಗುತ್ತಾ ನಾಲ್ಕು ಭೂತಗಳಿಂದ ತಪ್ಪಿಸಿಕೊಂಡು ಓಡುತ್ತೆ. ಅಮೆರಿಕದಲ್ಲಿ ಎಂಐಟಿಯಲ್ಲಿ ಓದುತ್ತಿದ್ದ ಹುಡುಗರು ಕಟ್ಟಿದ ಪುಟ್ಟ ಕಂಪನಿಯೊಂದು ಅದೇ ಆಟವನ್ನು ತಿದ್ದಿತು. 1982ರಲ್ಲಿ ಮಿಡ್‌ವೇ ಕಂಪನಿ ಆ ಉಂಡೆಗೆ ಕೆಂಪು ರಿಬ್ಬನ್, ಲಿಪ್‌ಸ್ಟಿಕ್ ಹಚ್ಚಿ 'ಮಿಜ್ ಪ್ಯಾಕ್‌ಮ್ಯಾನ್' ಅಂತ ಮಾರಿತು. ಮೊದಲು 'ಮಿಸ್' ಅಂತ ಇಡೋರಿದ್ದರಂತೆ. ಆಟದ ನಡುವೆ ಬರೋ ಮೂರನೇ ದೃಶ್ಯದಲ್ಲಿ ಕೊಕ್ಕರೆ ಮಗು ತಂದುಕೊಡುತ್ತೆ, ಮದುವೆಯಾಗದವಳಿಗೆ ಮಗು ಹೇಗೆ ಅಂತ ಪ್ರಶ್ನೆ ಎದ್ದು ಹೆಸರು ಬದಲಾಯಿತು. ಹಳದಿ ಉಂಡೆಗೂ ಬಿಡಲಿಲ್ಲ ನೋಡಿ ಜನ! ಅದು ಒಂದು ಲಕ್ಷಕ್ಕೂ ಮೇಲೆ ಮಾರಾಟವಾಯಿತು. ಹೆಂಗಸರೂ ಸಾಲಲ್ಲಿ ನಿಂತು ಆಡಿದರು.

ತಂಗಿಯ ಹತ್ತಿರ ಇರೋದು ಈ ಮಿಜ್ ಪ್ಯಾಕ್‌ಮ್ಯಾನ್. ತಿಳಿ ನೀಲಿ ಪೆಟ್ಟಿಗೆ.

ಆ ಒಂದು ವರ್ಷ

ಇದು ಅವಳ ಹತ್ತಿರ ಬಂದ ಬಗೆ ಹೇಳದಿದ್ದರೆ ಅವಳ ಟೆನ್ಷನ್ ನಿಮಗೆ ಅರ್ಥವಾಗೋಲ್ಲ. 2013ರಲ್ಲಿ ಮದುವೆಯಾಗಿ ಹೋದಳು. ಇಲ್ಲಿ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಹುಡುಗಿ. ಅಲ್ಲಿ ಎಚ್-4 ವೀಸಾ, ಅಂದರೆ ಗಂಡನ ಮೇಲೆ ಅವಲಂಬಿತೆ, ದುಡಿಯುವ ಹಾಗಿಲ್ಲ. (2015ರಲ್ಲಿ ನಿಯಮ ಸ್ವಲ್ಪ ಸಡಿಲವಾಗಿ ಕೆಲವರಿಗೆ ಅನುಮತಿ ಸಿಗತೊಡಗಿತು. ಇವಳಿಗೂ ಆಮೇಲೆ ಸಿಕ್ಕಿತು.) ಅವಳಿದ್ದ ಅಪಾರ್ಟ್‌ಮೆಂಟಿನಲ್ಲಿ ವಾಷಿಂಗ್ ಮಷೀನ್ ಇರಲಿಲ್ಲ. ವಾರಕ್ಕೆರಡು ಸಲ ಬಟ್ಟೆ ಗಂಟು ಎಳೆದುಕೊಂಡು, ಹಿಮ ಇರಲಿ ಗಾಳಿ ಇರಲಿ, ಎರಡು ರಸ್ತೆ ಆಚೆಯ ಲಾಂಡ್ರೊಮ್ಯಾಟ್‌ಗೆ ಹೋಗಬೇಕು. ನಾಣ್ಯ ಹಾಕಿ ಬಟ್ಟೆ ಒಗೆದು, ಇನ್ನೊಂದಕ್ಕೆ ಹಾಕಿ ಒಣಗಿಸಿಕೊಂಡು ಬರೋ ಅಂಗಡಿ. ಅಲ್ಲಿನ ಮೂಲೆಯಲ್ಲಿ ನಿಂತಿತ್ತು ಈ ಪೆಟ್ಟಿಗೆ.

'ಮೊದಲ ದಿನ ಚಿಲ್ಲರೆ ಮಿಕ್ಕಿತ್ತು ಅಂತ 25 ಸೆಂಟ್ ಹಾಕ್ದೆ ಅಕ್ಕ. ಅಲ್ಲಿ ನಾನು ಏನು ಮಾಡಿದ್ರೂ ಯಾರೂ ನೋಡ್ತಿರ್ಲಿಲ್ಲ, ಏನೂ ಕೇಳ್ತಿರ್ಲಿಲ್ಲ' ಅಂತ ಅವಳು ಹೇಳಿದ್ದು ಎಷ್ಟೋ ವರ್ಷದ ಮೇಲೆ. ಫೋನಿನಲ್ಲಿ ಆಗ 'ಚೆನ್ನಾಗಿದ್ದೀನಿ' ಅಂತಲೇ ಹೇಳುತ್ತಿದ್ದಳು. ನಾವೂ ನಂಬಿದ್ದೆವು. ಮಗಳು ಅಮೆರಿಕದಲ್ಲಿದ್ದಾಳೆ ಅಂದಮೇಲೆ ಚೆನ್ನಾಗಿಲ್ಲದೆ ಏನು ಅಂತ.

2018ರಲ್ಲಿ ಆ ಅಂಗಡಿ ರಿಪೇರಿಗೆ ಇಳಿದಾಗ ಹಳೇ ಸಾಮಾನು ಮಾರಾಟಕ್ಕಿಟ್ಟರು. ಅಷ್ಟರಲ್ಲಿ ಇವಳಿಗೆ ಕೆಲಸ ಸಿಕ್ಕಿತ್ತು. ತನ್ನ ಸಂಬಳದಲ್ಲಿ 600 ಡಾಲರ್ ಕೊಟ್ಟು ತಂದಳು. ಚಿನ್ನ ಕೊಳ್ಳದೆ ಈ ಕಟ್ಟಿಗೆ ಪೆಟ್ಟಿಗೆ ಯಾಕೆ ಕೊಂಡ್ಯೇ ಅಂತ ಅಮ್ಮ ಒಂದು ವಾರ ಬೇಜಾರು ಮಾಡಿಕೊಂಡಿದ್ದರು.

ಈಗ ಬಂದಿರೋ ಗೆಳೆಯರ ಹತ್ತಿರ ಇರೋದು 'ಸೆಂಟಿಪೀಡ್', ಅಂದರೆ ಶತಪದಿ. ಅಟಾರಿ ಕಂಪನಿಯ 1981ರ ಆಟ. ಅಣಬೆಗಳ ಮಧ್ಯೆ ಶತಪದಿ ಹರಿದು ಕೆಳಗಿಳಿಯುತ್ತೆ, ನೀವು ಕೆಳಗಿಂದ ಗುಂಡು ಹೊಡೆದು ತುಂಡು ಮಾಡಬೇಕು. ಹಿಡಿಗೆ ಬದಲು ಒಂದು ಚೆಂಡು ಕೂತಿರುತ್ತೆ, ಅಂಗೈಯಲ್ಲಿ ಚಪಾತಿ ಉಂಡೆ ಹೊರಳಿಸಿದ ಹಾಗೆ ಅದನ್ನು ಹೊರಳಿಸಬೇಕು. ತಂಗಿಯ ಯಜಮಾನರ ವಾದ ಏನು ಗೊತ್ತಾ? 'ಸೆಂಟಿಪೀಡ್ ಮಾಡಿದ ಇಬ್ಬರಲ್ಲಿ ಒಬ್ಬರು ಹೆಂಗಸು. ನೀನು ಯಾವಾಗ್ಲೂ ಹೆಂಗಸರು ಹೆಂಗಸರು ಅಂತೀಯಲ್ಲ, ಇದನ್ನೇ ಇಟ್ಕೊಳೋಣ.'

ಮಾತು ನಿಜ. ಎಡ್ ಲಾಗ್ ಜೊತೆ ಆ ಆಟ ರೂಪಿಸಿದವರು ಡೋನಾ ಬೈಲಿ. ಕಂಪನಿಯ ಆ ವಿಭಾಗದಲ್ಲಿ ಪ್ರೋಗ್ರಾಂ ಬರೆಯುವ ಹೆಂಗಸು ಆಗ ಅವರೊಬ್ಬರೇ. ಬೇರೆ ಆಟಗಳೆಲ್ಲ ಕಪ್ಪು ಆಕಾಶ, ರಾಕೆಟ್ಟು ಅಂತ ಇದ್ದಾಗ ಇದರಲ್ಲಿ ಗುಲಾಬಿ, ತಿಳಿಹಸಿರು ಅಂತ ಹೂವಿನ ಅಂಗಡಿ ಬಣ್ಣ ಬಂದದ್ದು ಅವರಿಂದ. 1982ರಲ್ಲೇ ಆ ಕಂಪನಿ ಬಿಟ್ಟರು. ಕೇಳಿದಾಗ ನನ್ನ ಮನಸ್ಸೂ ಒಂದು ಕ್ಷಣ ಆ ಕಡೆ ವಾಲಿತ್ತು ಅಂತ ಒಪ್ಪಿಕೊಳ್ತೀನಿ. ಆಮೇಲೆ ಅನ್ನಿಸಿತು, ಹೆಂಗಸು ನೇಯ್ದ ಸೀರೆ ಅಂತ ಹೇಳಿ ನನ್ನ ಮದುವೆ ಸೀರೆ ಬದಲಾಯಿಸಿಕೊಳ್ತೀನಾ? ಅವರ ಮೇಲೆ ಗೌರವ ಇಟ್ಟುಕೊಳ್ಳೋದು ಬೇರೆ, ನಮ್ಮ ಮನೆ ಮೂಲೆಯಲ್ಲಿ ಏನು ನಿಲ್ಲಬೇಕು ಅನ್ನೋದು ಬೇರೆ.

ಯಜಮಾನರ ಇನ್ನೊಂದು ವಾದಕ್ಕೆ ತೂಕ ಇದೆ. ನಮ್ಮ ಹಳೇ ಟಿವಿಗಳಲ್ಲಿದ್ದ ಹಾಗೆ ಇದರೊಳಗೂ ಗಾಜಿನ ಪಿಕ್ಚರ್ ಟ್ಯೂಬ್ ಇರುತ್ತೆ. ಒಂದೇ ಚಿತ್ರ ವರ್ಷಗಟ್ಟಲೆ ಉರಿದರೆ ಗಾಜಿನ ಒಳಮೈ ಮೇಲೆ ಅದರ ಅಚ್ಚು ಉಳಿದುಬಿಡುತ್ತೆ. ತಂಗಿಯ ಮಷೀನ್ ಆಫ್ ಮಾಡಿದರೂ ಆ ಚಕ್ರವ್ಯೂಹದ ಗೆರೆಗಳು ಮಸುಕಾಗಿ ಕಾಣುತ್ತವೆ. ಗೆಳೆಯರದ್ದರ ಗಾಜು ಸ್ವಚ್ಛ. ಅಂಥ ಟ್ಯೂಬ್ ಈಗ ಹೊಸದಾಗಿ ಬರೋಲ್ಲ, ಕೆಟ್ಟರೆ ಹಳೆಯದನ್ನೇ ಹುಡುಕಬೇಕು. ಹಾಗಾಗಿ ಲೆಕ್ಕದ ಪ್ರಕಾರ ತಂಗಿಗೆ ಒಳ್ಳೇ ವ್ಯಾಪಾರವೇ. ಅದರ ಮೇಲೆ 300 ಡಾಲರ್. ಎಂಟು ವರ್ಷದ ಮಗನಿಗೂ ಗುಂಡು ಹೊಡೆಯೋ ಆಟವೇ ಬೇಕು.

ನನ್ನ ಹಂಡೆ

ಈಗ ನನ್ನ ಕಥೆ ಹೇಳಬೇಕು. ಹೇಳೋಕೆ ನಾಚಿಕೆಯೇ.

ಮದುವೆಯಾದ ಎರಡನೇ ವರ್ಷ. ಬಚ್ಚಲಲ್ಲಿ ಗೀಸರ್ ಬಂದಾಗಿತ್ತು. ಅತ್ತೆಯವರ ತಾಮ್ರದ ಹಂಡೆ ಮೂಲೆಯಲ್ಲಿ ಕಿಲುಬು ಹಿಡಿದು ಕೂತಿತ್ತು. ಪಾತ್ರೆ ಅಂಗಡಿಯೊಂದರಲ್ಲಿ ಹಳೇ ತಾಮ್ರ ಹಿತ್ತಾಳೆಗೆ ಬದಲು ಕೊಡ್ತಾರೆ ಅಂತ ಗೊತ್ತಾಯ್ತು. ಅತ್ತೆ ನಾದಿನಿ ಮನೆಗೆ ಹೋಗಿದ್ದ ದಿನ ಆಟೋದಲ್ಲಿ ಹಾಕಿಕೊಂಡು ಹೋದೆ. ಅಂಗಡಿಯವನು ತೂಗಿದ, ಮಸಿಗೆ ಇಷ್ಟು, ಬೆಸುಗೆಗೆ ಇಷ್ಟು ಅಂತ ಕಳೆದ, ಉಳಿದಿದ್ದಕ್ಕೆ ಒಂದು ಕುಕ್ಕರ್, ಎರಡು ಸ್ಟೀಲ್ ಡಬ್ಬಿ ಕೊಟ್ಟ. ಜಾಣೆ ಸೊಸೆ ಅನ್ನಿಸಿಕೊಳ್ತೀನಿ ಅಂತ ಬೀಗುತ್ತಾ ಬಂದೆ.

ಅತ್ತೆ ಬಂದರು, ನೋಡಿದರು, ಏನೂ ಅನ್ನಲಿಲ್ಲ. 'ಕುಕ್ಕರ್ ಚೆನ್ನಾಗಿದೆ' ಅಂದರು. ನಾನೂ ಮರೆತೆ. ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಸಂಜೆ ನಮ್ಮ ಕಡೆ ಹಂಡೆ ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಹೂ ಬಳ್ಳಿ ಸುತ್ತಿ ನೀರು ತುಂಬುತ್ತಾರೆ. ನಾನು ಅಡುಗೆಮನೆಯಿಂದ ಬಂದು ನೋಡಿದರೆ ಅತ್ತೆ ಬಚ್ಚಲಲ್ಲಿ ಕೂತು ನೀಲಿ ಪ್ಲಾಸ್ಟಿಕ್ ಬಕೆಟ್ಟಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ನನ್ನ ಹೊಟ್ಟೆ ಚುರುಕ್ ಅಂತು. ಮರುದಿನವೇ ಅಂಗಡಿಗೆ ಓಡಿದೆ. ಅದು ಎಂದೋ ಕರಗಿಸಲು ಹೋಗಿಯಾಗಿತ್ತು.

ಆ ಹಂಡೆ ಅವರ ತಾಯಿ ಕೊಟ್ಟಿದ್ದು ಅಂತ ನನಗೆ ಗೊತ್ತಾಗಿದ್ದು ಅತ್ತೆ ಹೋದ ಮೇಲೆ. ಅವರಾಗಿ ಒಮ್ಮೆಯೂ ಹೇಳಲಿಲ್ಲ. ನಾನೂ ಕೇಳಿರಲಿಲ್ಲವಲ್ಲ.

ಎಕ್ಸ್‌ಚೇಂಜ್ ವಿಷಯಕ್ಕೆ ಬುದ್ಧಿವಂತರು ಒಂದು ಪರೀಕ್ಷೆ ಹೇಳ್ತಾರೆ. ಎರಡೂ ವಸ್ತು ಅಂಗಡಿಯಲ್ಲಿವೆ, ನಿಮ್ಮ ಕೈಯಲ್ಲಿ ದುಡ್ಡಿದೆ ಅಂದುಕೊಳ್ಳಿ, ಯಾವುದು ಕೊಳ್ತೀರಿ? ಅದನ್ನೇ ಇಟ್ಟುಕೊಳ್ಳಿ. ಫ್ರಿಜ್ಜು, ಸೋಫಾ, ಸ್ಕೂಟಿಗೆ ಈ ಪರೀಕ್ಷೆ ಬಲು ಚೆನ್ನಾಗಿ ನಡೆಯುತ್ತೆ, ನಾನೂ ಬಳಸ್ತೀನಿ. ಆದರೆ ಹಂಡೆಗೆ ಹಾಕಿ ನೋಡಿ. ಅಂಗಡಿಯಲ್ಲಿ ಹಂಡೆ, ಕುಕ್ಕರ್ ಎರಡೂ ಇದ್ದರೆ ನಾನು ಇವತ್ತಿಗೂ ಕುಕ್ಕರನ್ನೇ ಕೊಳ್ಳೋದು! ಪರೀಕ್ಷೆಯಲ್ಲಿ ಹಂಡೆ ಫೇಲು. ಹಾಗಂತ ನಾನು ಮಾಡಿದ್ದು ಸರಿಯಾಯ್ತಾ?

ಅದಕ್ಕೇ ನಾನು ತಂಗಿಗೆ ಬೇರೆ ಪ್ರಶ್ನೆ ಕೇಳಿದೆ. 'ಅದು ಹೋದ ಮೇಲೆ ಯಾವತ್ತು, ಎಷ್ಟು ಹೊತ್ತಿಗೆ ನೀನು ಅದನ್ನ ಹುಡುಕ್ತೀಯ ಹೇಳು.'

ಸ್ವಲ್ಪ ಹೊತ್ತು ಯೋಚಿಸಿ ಅಂದಳು, 'ಬುಧವಾರ ರಾತ್ರಿ ಮತ್ತೆ ಶನಿವಾರ. ಬಟ್ಟೆ ಒಗೆಯೋವಾಗ.' ಅಲ್ಲಿ ಮನೆಗಳಿಗೆ ನೆಲಮಾಳಿಗೆ ಇರುತ್ತೆ. ವಾಷಿಂಗ್ ಮಷೀನ್ ಅಲ್ಲೇ, ಈ ಪೆಟ್ಟಿಗೆಯೂ ಪಕ್ಕದಲ್ಲೇ. ಮಷೀನಿಗೆ ಬಟ್ಟೆ ಹಾಕಿ, ಅದು ಮುಗಿಯೋವರೆಗೆ ಎರಡು ಆಟ ಆಡ್ತಾಳಂತೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಎಲ್ಲರೂ ಅವಳು ಬಟ್ಟೆ ಮಡಚ್ತಿದ್ದಾಳೆ ಅಂದುಕೊಂಡಿದ್ದಾರೆ.

ನಾನು ಇಲ್ಲಿಂದಲೇ 'ಕೊಡಬೇಡ' ಅಂತ ಹೇಳಿಬಿಟ್ಟೆ. ನೀವು ಕೇಳಬಹುದು, ಗಂಡ ಹೆಂಡತಿ ನಡುವೆ ನಂದು ನಿಂದು ಅನ್ನೋದು ಚೆನ್ನಾಗಿರುತ್ತಾ? ಚೆನ್ನಾಗಿರಲ್ಲ ನಿಜ. ಆದ್ರೆ ಒಂದು ಗಮನಿಸಿದ್ದೀರಾ? ಯಜಮಾನರ ಹಳೇ ಕ್ರಿಕೆಟ್ ಬ್ಯಾಟು, ಕಾಲೇಜು ದಿನದ ಬೈಕು ಮಾರೋವಾಗ ಮನೆಮಂದಿಯೆಲ್ಲ ಅವರ ಮುಖ ನೋಡ್ತಾರೆ. ನಮ್ಮ ವಸ್ತು ಮಾತ್ರ 'ಮನೆಯದು' ಆಗಿಬಿಡುತ್ತೆ. ಇದರಲ್ಲಿ ಗಂಡಸರ ತಪ್ಪೇ ಅಂತಲೂ ಹೇಳೋಲ್ಲ. ಹಂಡೆ ಒಯ್ದು ಕೊಟ್ಟವಳು ನಾನು, ಹೆಂಗಸೇ. ಮತ್ತೆ ನಾವೂ ಬಾಯಿಬಿಟ್ಟು ಹೇಳೋಲ್ಲ. ತಂಗಿ ಆ ಲಾಂಡ್ರೊಮ್ಯಾಟ್ ವರ್ಷದ ವಿಷಯ ತನ್ನ ಯಜಮಾನರಿಗೇ ಇವತ್ತಿನವರೆಗೂ ಸರಿಯಾಗಿ ಹೇಳಿಲ್ಲ. ಹೇಳದಿದ್ದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು? ಅವರ ಕಣ್ಣಿಗೆ ಅದು ಗಾಜು ಸುಟ್ಟ ಹಳೇ ಪೆಟ್ಟಿಗೆ ಅಷ್ಟೇ. 'ಮೊದಲು ಅವರನ್ನ ಕೂರಿಸಿ ಹೇಳು. ಅಳು ಬಂದ್ರೆ ಅತ್ತೇ ಹೇಳು' ಅಂದೆ.

ನೋಡಿಕೊಂಡೇ ಹೇಳು

ಹಾಗಂತ ನೋಡದೆ ಬೇಡ ಅನ್ನೋದೂ ತರವಲ್ಲ. ಒಂದು ಸಲ ಅವರ ಮನೆಗೆ ಹೋಗಿ ಒಂದು ಗಂಟೆ ಆಡಿ ಬಾ ಅಂತ ಕಳಿಸಿದೆ. ಹೋಗುವ ಮುಂಚೆ ಏನೇನು ನೋಡಬೇಕು ಅಂತ ಅವಳೇ ತಿಳಿದವರನ್ನು ಕೇಳಿಕೊಂಡಿದ್ದಳು. ಹಳೇ ವಸ್ತು ಬದಲಾಯಿಸುವ ಯಾರಿಗಾದರೂ ಉಪಯೋಗವಾದೀತು ಅಂತ ಹೇಳ್ತೀನಿ. ಹಿಂಬಾಗಿಲು ತೆಗೆಸಿ ಒಳಗಿರೋದು ಅಸಲಿ ಬೋರ್ಡೇನಾ ಅಂತ ನೋಡಬೇಕು, ಯಾಕಂದ್ರೆ ಎಷ್ಟೋ ಕಡೆ ಅದನ್ನು ತೆಗೆದು 60 ಆಟ ಒಂದರಲ್ಲೇ ಇರೋ ಅಗ್ಗದ ಹೊಸ ಬೋರ್ಡ್ ಕೂರಿಸಿರುತ್ತಾರೆ. ಹೊರಗೆ ನೋಡಿದರೆ ಗೊತ್ತೇ ಆಗೋಲ್ಲ, ಒಡವೆಯೊಳಗಿನ ಅರಗಿನ ಹಾಗೆ! ಪೆಟ್ಟಿಗೆ ಮಾಡಿರೋದು ಮರದ ಪುಡಿ ಒತ್ತಿದ ಹಲಗೆಯಲ್ಲಿ, ನೆಲಮಾಳಿಗೆಯಲ್ಲಿ ಒಮ್ಮೆ ನೀರು ನಿಂತಿದ್ದರೆ ಬುಡ ಬಿಸ್ಕತ್ತಿನಂತೆ ಊದಿಕೊಂಡಿರುತ್ತೆ. ಅರ್ಧ ಗಂಟೆ ಉರಿಸಿಯೇ ನೋಡಬೇಕು, ಚಿತ್ರ ನಡುಗಿದರೆ ಒಳಗೆ ಕೆಪಾಸಿಟರ್‌ಗಳು ಒಣಗಿರಬಹುದು. ಸೆಂಟಿಪೀಡ್ ಆದರೆ ಚೆಂಡು ಎಲ್ಲ ದಿಕ್ಕಿಗೂ ಸಲೀಸಾಗಿ ಹೊರಳಬೇಕು. ಮುಖ್ಯವಾಗಿ, ಸ್ವಿಚ್ ಆರಿಸಿದರೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಮಕ್ಕಳಿರಲಿ, ದೊಡ್ಡವರೂ ಹಿಂದೆ ಕೈ ಹಾಕಬಾರದು. ಗೊತ್ತಿರೋ ಮೆಕ್ಯಾನಿಕ್ ಕೈಲೇ ತೆಗೆಸಬೇಕು.

ತಂಗಿ ಹೋದಳು. ನೋಡಿದಳು. ಎಲ್ಲ ಸರಿಯಾಗೇ ಇತ್ತು. ಅಸಲಿ ಬೋರ್ಡು, ಒಣಗಿದ ಬುಡ, ಹೊಳೆಯುವ ಗಾಜು. ಗೆಳೆಯರು ಪಾಪ ಒಂದು ಚೂರೂ ಮೋಸ ಮಾಡುವವರಲ್ಲ. ಅವರಿಗೆ ಚಿಕ್ಕಂದಿನಿಂದ ಪ್ಯಾಕ್‌ಮ್ಯಾನ್ ಹುಚ್ಚು ಅಷ್ಟೆ. 'ಅಕ್ಕಾ, ಆಡೋಕೂ ಚೆನ್ನಾಗೇ ಇದೆ' ಅಂದಳು. ನನ್ನ 'ಕೊಡಬೇಡ' ಆಗ ಸ್ವಲ್ಪ ಅಲುಗಾಡಿತು.

ಆದರೆ ಅವಳು ಹೇಳೋದು ಮುಗಿದಿರಲಿಲ್ಲ. ಆಟ ಮುಗಿದಾಗ ಪರದೆ ಮೇಲೆ ಹೆಚ್ಚು ಅಂಕ ತೆಗೆದವರ ಪಟ್ಟಿ ಬರುತ್ತೆ. ಇವಳ ಮಿಜ್ ಪ್ಯಾಕ್‌ಮ್ಯಾನ್‌ನಲ್ಲಿ ಹೆಸರು ಬರೆಯೋಕೇ ಬರೋಲ್ಲ, ಸ್ವಿಚ್ ಆರಿಸಿದರೆ ಅಂಕವೂ ಅಳಿಸಿಹೋಗುತ್ತೆ. ಸೆಂಟಿಪೀಡ್ ಹಾಗಲ್ಲ. ಗೆದ್ದವರು ತಮ್ಮ ಹೆಸರಿನ ಮೂರಕ್ಷರ ಬರೆಯಬಹುದು, ಮೊದಲ ಮೂರು ಹೆಸರುಗಳನ್ನು ಅದು ಕರೆಂಟ್ ಹೋದರೂ ನೆನಪಿಟ್ಟುಕೊಳ್ಳುತ್ತೆ. ಆ ಮೂರರಲ್ಲಿ ಎರಡು ಒಂದೇ ಹೆಸರು. ಗೆಳೆಯರದ್ದಲ್ಲ, ಮಗಳದ್ದೂ ಅಲ್ಲ.

ಅಷ್ಟರಲ್ಲಿ ಗೆಳೆಯರ ಮನೆಯವರು ಚಹಾ ತಂದರಂತೆ. ಧಾರವಾಡ ಕಡೆಯವರು, ಮಾತು ಕಮ್ಮಿ. ತಂಗಿ ಪರದೆ ತೋರಿಸಿ 'ಇದು ನೀವೇನಾ?' ಅಂತ ಕೇಳಿದಳು.

'ಹೂಂ ರೀ' ಅಂತ ನಕ್ಕರಂತೆ. 'ಇವ್ರು ಆಫೀಸಿಗೆ ಹೋದ ಮ್ಯಾಲೆ ಆಡತೀನಿ.'

'ಇದನ್ನ ಕೊಡ್ತಿರೋದು ನಿಮಗೆ ಗೊತ್ತಲ್ವಾ? ನಿಮ್ಮನ್ನ ಕೇಳಿದ್ರಾ?'

'ಅಯ್ಯ, ನನ್ನ ಯಾರು ಕೇಳತಾರ್ರೀ' ಅಂತ ಅಂದು, ಚಹಾ ಲೋಟ ಇಟ್ಟು ಆ ಚೆಂಡನ್ನು ಸೆರಗಿನಿಂದ ಒರೆಸಿದರಂತೆ.

ಮೇಲೆ ಹಾಲ್‌ನಲ್ಲಿ ಇಬ್ಬರು ಯಜಮಾನರೂ ಲಾರಿ ಬಾಡಿಗೆ ಎಷ್ಟು, ಮೆಟ್ಟಿಲಲ್ಲಿ ಇಳಿಸೋಕೆ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕುತ್ತಿದ್ದರು. ಕೆಳಗೆ ಇವರಿಬ್ಬರೂ ಇನ್ನೊಂದು ಆಟ ಆಡಿದರು. ತಂಗಿ ಸೋತಳು.

ಆ ರಾತ್ರಿ ಮನೆಗೆ ಬರುವಾಗ ಕಾರಿನಲ್ಲೇ ಯಜಮಾನರಿಗೆ ಎಲ್ಲ ಹೇಳಿದಳಂತೆ, 2013ರಿಂದ ಶುರು ಮಾಡಿ. ಮನೆ ಬಂದರೂ ಅವರು ಇಳಿಯದೆ ಕೂತು ಕೇಳಿದರಂತೆ. ಮರುದಿನ ಅವರೇ ಗೆಳೆಯರಿಗೆ ಫೋನ್ ಮಾಡಿ, 'ನಮ್ಮದು ಕೊಡೋಕಾಗಲ್ಲ ಮಾರಾಯ, ಬೇಜಾರು ಮಾಡ್ಕೋಬೇಡ. ಅಂದ ಹಾಗೆ ನೀನು ನಿಮ್ಮ ಮನೆಯವರನ್ನ ಒಂದು ಮಾತು ಕೇಳಿದ್ಯಾ?' ಅಂದರಂತೆ.

ಗೆಳೆಯರು ಕೇಳಿದರೋ ಇಲ್ಲವೋ ಗೊತ್ತಿಲ್ಲ. ಆದರೆ ಈಗ ಬುಧವಾರ ಅವರ ಮನೆಯವರು ತಂಗಿಯ ಮನೆಗೆ ಬರುತ್ತಾರಂತೆ, ಒಗೆಯೋ ಬಟ್ಟೆ ಗಂಟಿನ ಸಮೇತ!